ಏಳು ದಿನಗಳ ಪ್ರವಾಸ ಮತ್ತು ಏಳನೆಯ ದಿನ



ನಮ್ಮ ಹಿರಿಯರಿಗೆ ಪ್ರವಾಸವೆಂದರೆ ಹೆಚ್ಚಾಗಿ ಹರಕೆಯ ಪ್ರವಾಸ. ಜನವರಿಯ ಕೊನೆಗೆ ಕಾರ್ಕಳದ ಅತ್ತೂರಿಗೆ, ಸಂತ ಲಾರೆನ್ಸರ ಹಬ್ಬಕ್ಕೆ. ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ವೇಳಾಂಕಣ್ಣಿಗೆ. ಹತ್ತು ವರ್ಷಕ್ಕೊಮ್ಮೆ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರವನ್ನು ದರ್ಶನಕ್ಕೆ ಇಟ್ಟಾಗ ಹಳೆ ಗೋವೆಗೆ. ಬುತ್ತಿ ಕಟ್ಟಿಕೊಂಡು ಹೋಗಿ, ದಣಿದು, ಮನಸ್ಸು ಹಗುರ ಮಾಡಿಕೊಂಡು ಬರುತ್ತಿದ್ದರು. ಈಗ ನಮ್ಮ ಮನೆಗಳ ಊಟದ ಮೇಜಿನಲ್ಲಿ ಬೇರೊಂದು ಹೆಸರು ಕೇಳಿಬರುತ್ತಿದೆ. ಮಣಿಪಾಲದಲ್ಲಿ ದುಡಿಯುವ ಗಂಡಹೆಂಡಿರು, ಕಾಪು ಕಡೆಯಿಂದ ಗಲ್ಫಿಗೆ ಹೋಗಿ ರಜೆಯಲ್ಲಿ ಬಂದವರು, ಉಡುಪಿ ಪೇಟೆಯ ವ್ಯಾಪಾರಿಗಳು, ಹೀಗೆ ಯಾರಾದರೊಬ್ಬರು ಈ ವರ್ಷ ಒಂದು ವಾರದ ಮಟ್ಟಿಗೆ ಅಲ್ಲಿಗೆ ಹೋಗಿ ಬರುವ ಲೆಕ್ಕ ಹಾಕುತ್ತಿರುತ್ತಾರೆ. ಥಾಯ್ಲೆಂಡಿನ ಸಮುದ್ರತೀರದ ನಗರ ಪಟ್ಟಾಯ ಆ ಜಾಗ.

ಹೆಸರು ಕೇಳಿದ ಕೂಡಲೇ ಕೆಲವರು ಒಳಗೊಳಗೆ ನಗುತ್ತಾರೆ, ಕೆಲವರು ಮುಖ ಸಿಂಡರಿಸುತ್ತಾರೆ. ಇದು ಬೈಗುಳದ ಪ್ರಬೋಧನೆ ಎಂದು ಎಣಿಸಿ ಪುಟ ಮಗುಚಬೇಡಿ. ವಿಶ್ರಾಂತಿ ಪಾಪವಲ್ಲ. ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯವನ್ನು ತೆರೆದು ನೋಡಿ. ಪ್ರೇಷಿತರು ಊರೂರು ಸುತ್ತಿ ಮರಳಿ ಬಂದಿದ್ದಾರೆ. ಬಂದುಹೋಗುವ ಜನರ ನಡುವೆ ಅವರಿಗೆ ಊಟಕ್ಕೂ ಬಿಡುವಿಲ್ಲ. ಆಗ ಯೇಸುಸ್ವಾಮಿಯೇ ಅವರನ್ನು ದೋಣಿ ಹತ್ತಿಸಿ, ಜನರಿಲ್ಲದ ಕಡೆಗೆ ಸ್ವಲ್ಪ ವಿಶ್ರಮಿಸಲು ಕರೆದೊಯ್ಯುತ್ತಾರೆ. ದೋಣಿ, ಸಮುದ್ರದಂಥ ಸರೋವರ, ಜೊತೆಗಾರರು, ಬಿಡುವು. ಇದೂ ಒಂದು ಪ್ರವಾಸದ ಏರ್ಪಾಡೇ ಅಲ್ಲವೇ? ಕಡಲು ನೋಡಲು ಅಷ್ಟು ದೂರ ಹೋಗಬೇಕೇ, 1901ರಲ್ಲಿ ಕಟ್ಟಿದ ದೀಪಸ್ತಂಭದಡಿಯ ನಮ್ಮ ಕಾಪುವಿನ ಕಡಲಿಗೆ ಏನಾಗಿದೆ ಎಂದು ಕೇಳುವವರಿದ್ದಾರೆ. ಚಂದಕ್ಕೆ ಕಾಪುವೇ ಮೇಲು ಎಂಬುದು ನನ್ನ ಅಭಿಪ್ರಾಯ ಕೂಡ. ಆದರೆ ಕಾಪುವಿನಲ್ಲಿ ಕುಳಿತವನಿಗೆ ಅಂಗಡಿಯಿಂದ ಫೋನ್ ಬರುತ್ತದೆ, ನೆಂಟರು ಸಿಗುತ್ತಾರೆ, ಸಂಜೆಯೊಳಗೆ ಮನೆಗೆ ಮುಟ್ಟಬೇಕಾಗುತ್ತದೆ. ದೂರ ಹೋದರೆ ಮಾತ್ರ ಬಿಡುವು ಸಿಗುವ ಕಾಲ ಇದು. ಅದನ್ನು ಒಪ್ಪಿಕೊಂಡೇ ಮುಂದೆ ಮಾತಾಡೋಣ.

ಹೋಗುವುದೇನೂ ಈಗ ಕಷ್ಟವಲ್ಲ. ರಾತ್ರಿ ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಬ್ಯಾಂಕಾಕಿಗೆ ಸುಮಾರು ನಾಲ್ಕು ತಾಸಿನ ವಿಮಾನ, ವಿಮಾನ ನಿಲ್ದಾಣದಿಂದ ಎರಡು ತಾಸು ರಸ್ತೆಯಲ್ಲಿ ಹೋದರೆ ಪಟ್ಟಾಯ. 2023ರ ನವೆಂಬರಿನಲ್ಲಿ ಥಾಯ್ಲೆಂಡ್ ಸರಕಾರ ಭಾರತೀಯ ಪ್ರವಾಸಿಗರಿಗೆ ವೀಸಾ ಇಲ್ಲದೆ 30 ದಿನ ಇರಲು ಅವಕಾಶ ಕೊಟ್ಟಿತು. 2024ರ ಜುಲೈಯಲ್ಲಿ ಅದನ್ನು 60 ದಿನಕ್ಕೆ ಏರಿಸಿತು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟು ಕೊಳ್ಳುವ ಮುಂಚೆ ವಿಚಾರಿಸಿಕೊಳ್ಳುವುದು ಒಳ್ಳೆಯದು. 2025ರ ಮೇ 1ರಿಂದ ಆಗಮನದ ಫಾರಮನ್ನು ಅಂತರ್ಜಾಲದಲ್ಲೇ, ಅಲ್ಲಿಗೆ ಮುಟ್ಟುವ ಹಿಂದಿನ ಮೂರು ದಿನಗಳೊಳಗೆ ತುಂಬಬೇಕೆಂದು ಮಾಡಿದ್ದಾರೆ. ಅದಕ್ಕೆ ಸರಕಾರ ಶುಲ್ಕ ಇಟ್ಟಿಲ್ಲ, ಹಣ ಕೇಳುವ ಜಾಲತಾಣಗಳಿಗೆ ಮರುಳಾಗಬೇಡಿ.

ಯಾವಾಗ ಹೋಗುವುದು ಎಂಬುದೇ ನಮ್ಮವರಿಗೆ ದೊಡ್ಡ ತೊಡಕು. ಅಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಂದರೆ ನಮ್ಮ ಮೊಂತಿ ಹಬ್ಬದ ತೆನೆ ಮನೆಗೆ ಬಂದು, ಮಕ್ಕಳಿಗೆ ದಸರಾ ರಜೆ ಸಿಗುವ ಹೊತ್ತಿಗೆ. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ಆದರೆ ಕ್ರಿಸ್ಮಸ್ಸಿಗೆ ಅಲ್ಲಿ ಬಾಡಿಗೆ ಏರುತ್ತದೆ, ಇಲ್ಲಿ ಕುಸ್ವಾರ್ ಮಾಡಬೇಕು, ಜನವರಿಯಲ್ಲಿ ಅತ್ತೂರು, ಮತ್ತೆ ತಪಸ್ಸುಕಾಲ ಬಂದೇಬಿಡುತ್ತದೆ. ಏಪ್ರಿಲಿನಲ್ಲಿ ವಿಪರೀತ ಸೆಕೆ, 13ರಿಂದ 15ರವರೆಗೆ ಅವರ ಹೊಸವರ್ಷದ ನೀರಾಟ, ಇಲ್ಲಿ ಸಾಲುಸಾಲು ರೋಸು-ಮದುವೆ. ಕೊನೆಗೆ ಯಾವುದಾದರೊಂದನ್ನು ಬಿಡಬೇಕಾಗುತ್ತದೆ. ಯಾವುದನ್ನು ಬಿಡುತ್ತೇವೆ ಎಂಬುದನ್ನು ಮನೆಯವರೆಲ್ಲ ಕೂತು ತೀರ್ಮಾನಿಸಬೇಕು. ಟಿಕೆಟು ಅಗ್ಗಕ್ಕೆ ಸಿಕ್ಕಿತೆಂದು ಒಬ್ಬರೇ ಬುಕ್ ಮಾಡಿ ಬಂದು, "ಇನ್ನೇನು ಮಾಡುವುದು, ಹಣ ಕಟ್ಟಿ ಆಯಿತು" ಎನ್ನುವುದು ಸರಿಯಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಏಳನೆಯ ದಿನದ ವಿಶ್ರಾಂತಿಯ ಕಟ್ಟಳೆ ಪವಿತ್ರ ಗ್ರಂಥದಲ್ಲಿ ಎರಡು ಕಡೆ ಬರುತ್ತದೆ. ವಿಮೋಚನಾಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಅದಕ್ಕೆ ಕಾರಣ ಸೃಷ್ಟಿ: ದೇವರು ಆರು ದಿನ ಕೆಲಸ ಮಾಡಿ ಏಳನೆಯ ದಿನ ವಿರಮಿಸಿದರು. ಇದು ನಮಗೆಲ್ಲ ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠವಾದ ಕಾರಣ. ಆದರೆ ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಅದೇ ಕಟ್ಟಳೆಗೆ ಬೇರೊಂದು ಕಾರಣ ಕೊಟ್ಟಿದೆ. ಇಸ್ರಯೇಲರು ಈಜಿಪ್ಟಿನಲ್ಲಿ ಗುಲಾಮರಾಗಿದ್ದರು, ರಜೆಯೆಂಬುದೇ ಇಲ್ಲದ ದುಡಿತ ಅವರದು. ಅದನ್ನು ನೆನಪಿಟ್ಟುಕೊಂಡು ಈಗ ಅವರು ತಮ್ಮ ಮನೆಯ ಆಳಿಗೂ, ಹೆಣ್ಣಾಳಿಗೂ, ಎತ್ತು ಕತ್ತೆಗಳಿಗೂ, ಊರಲ್ಲಿರುವ ಪರದೇಶಿಗೂ ಬಿಡುವು ಕೊಡಬೇಕು. ಯಜಮಾನ ಕಾಲು ಚಾಚಿ ಮಲಗಿ ಆಳು ಹೊಲದಲ್ಲಿ ದುಡಿಯುತ್ತಿದ್ದರೆ ಆ ಮನೆಯಲ್ಲಿ ಸಬ್ಬತ್ ಆಚರಣೆ ಆಗಲೇ ಇಲ್ಲ. ದೇವರ ಲೆಕ್ಕದಲ್ಲಿ ವಿಶ್ರಾಂತಿ ಮನೆಮಂದಿಗೆಲ್ಲ ಹಂಚಿಕೆಯಾಗಬೇಕಾದ ಪಾಲು.

ಈ ಅಳತೆಗೋಲನ್ನು ಹಿಡಿದು ನಮ್ಮ ಏಳು ದಿನದ ಯೋಜನೆಯನ್ನು ಸ್ವಲ್ಪ ನೋಡೋಣ. ಕಾರ್ಕಳದ ಒಂದು ಮನೆ ಎಂದಿಟ್ಟುಕೊಳ್ಳಿ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಎಂಬತ್ತರ ಹತ್ತಿರದ ಅಮ್ಮ, ಬೆಳಿಗ್ಗೆ ಬಂದು ಪಾತ್ರೆ-ಬಟ್ಟೆ ಮಾಡಿ ಹೋಗುವ ಹೆಂಗಸು. ಹೊರಡುವವರು ನಾಲ್ವರು. ಖರ್ಚು ಉಳಿಸಲೆಂದು ಅಡುಗೆಮನೆ ಇರುವ ಬಾಡಿಗೆ ಕೋಣೆಯನ್ನು ಹಿಡಿಯುತ್ತಾರೆ. ಪೆಟ್ಟಿಗೆಗೆ ಕುಚ್ಚಲಕ್ಕಿ, ಉಪ್ಪಿನಕಾಯಿ, ಸಾರಿನ ಪುಡಿ ಹೋಗುತ್ತದೆ. ಅಲ್ಲಿ ಮುಟ್ಟಿದ ಮೇಲೆ ಬೆಳಿಗ್ಗೆ ಎದ್ದು ಗಂಜಿಗೆ ನೀರಿಡುವವರು ಯಾರು? ಮಕ್ಕಳ ಒದ್ದೆ ಬಟ್ಟೆ ಹಿಂಡುವವರು ಯಾರು? ಕಾರ್ಕಳದಲ್ಲಿ ಮಾಡುತ್ತಿದ್ದುದನ್ನೇ ಆ ತಾಯಿ ಪಟ್ಟಾಯದಲ್ಲಿ ಸಾಮಾನು ಸರಿಯಿಲ್ಲದ ಅಡುಗೆಮನೆಯಲ್ಲಿ ಮಾಡುತ್ತಾಳೆ. ಅದಕ್ಕೆ ನಾವು ರಜೆ ಎಂದು ಹೆಸರಿಡುತ್ತೇವೆ. ಖರ್ಚು ಕಡಿಮೆ ಮಾಡಲೇಬೇಕಾದರೆ ಏಳು ದಿನವನ್ನು ಐದು ಮಾಡಿ, ಊಟ ಹೊರಗೆ ಮಾಡಿ. ಅಥವಾ ಗಂಡಸರು ಗಂಜಿ ಇಡಲಿ. ಕುಚ್ಚಲಕ್ಕಿ ಬೇಯಲು ಸಮಯ ಬೇಕು, ಅಷ್ಟೇ.

ಪಾತ್ರೆ ತೊಳೆಯುವ ಹೆಂಗಸಿನ ಪ್ರಶ್ನೆ ಬೇರೆ. ಹೊರಡುವ ಹಿಂದಿನ ದಿನ ಅವಳು ಸೆರಗು ಒರೆಸಿಕೊಳ್ಳುತ್ತಾ ಕೇಳುತ್ತಾಳೆ: "ಬಾಯಮ್ಮ, ನೀವು ಇಲ್ಲದ ವಾರ ನಾನು ಬರುವುದು ಬೇಡ ಅಲ್ವಾ? ಆ ವಾರದ ಸಂಬಳ ಉಂಟಾ?" ಎರಡನೆಯ ಮಾತನ್ನು ಕೇಳಲು ಅವಳಿಗೆ ಎಷ್ಟು ನಾಚಿಕೆಯಾಗಿರಬಹುದು! ನಾವು ವಿಮಾನದ ಟಿಕೆಟಿಗೆ, ಹೋಟೆಲಿಗೆ, ಹವಳದ ದ್ವೀಪದ ದೋಣಿಗೆ ಕಾಸು ಎಣಿಸಿ ಇಟ್ಟಿರುತ್ತೇವೆ. ಅವಳ ಒಂದು ವಾರದ ಕೂಲಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಧರ್ಮೋಪದೇಶಕಾಂಡ ಹೆಣ್ಣಾಳಿನ ವಿಶ್ರಾಂತಿಯನ್ನು ಹೆಸರಿಸಿ ಹೇಳಿರುವಾಗ ನಾವು ಮರೆಯಬಹುದೇ? ಆ ವಾರ ಅವಳಿಗೂ ರಜೆ, ಸಂಬಳ ಸಹಿತ. ಪ್ರವಾಸದ ಖರ್ಚಿನ ಪಟ್ಟಿಯಲ್ಲಿ ಅದು ಮೊದಲ ಸಾಲಾಗಿರಲಿ.

ಇನ್ನು ಅಮ್ಮ. "ನೀವು ಹೋಗಿ ಬನ್ನಿ ಮಕ್ಕಳೇ, ನನಗೇನಾಗುತ್ತದೆ" ಎನ್ನುತ್ತಾರೆ. ಎಲ್ಲ ಅಮ್ಮಂದಿರೂ ಹೀಗೇ ಹೇಳುವುದು. ತೊಬೀತನ ಗ್ರಂಥವನ್ನು ಓದಿದ್ದೀರಾ? ಮಗ ತೊಬಿಯಾಸ ದೂರದೇಶಕ್ಕೆ ಹೊರಟಿದ್ದಾನೆ. ಜೊತೆಗೆ ದೇವದೂತ ರಫಾಯೇಲ, ಹಿಂದೆ ಅವರ ಮನೆಯ ನಾಯಿ. ದಾರಿಯಲ್ಲಿ ಮೀನು ಹಿಡಿಯುತ್ತಾರೆ, ಮದುವೆಯಾಗುತ್ತದೆ, ಹಬ್ಬದೂಟ ನಡೆಯುತ್ತದೆ. ಕಣ್ಣು ಕಾಣದ ತಂದೆ ಮಾತ್ರ ಇತ್ತ ಮನೆಯಲ್ಲಿ ಮಗ ಹೋಗಿ ಬರಲು ಬೇಕಾದ ದಿನಗಳನ್ನು ಒಂದೊಂದಾಗಿ ಎಣಿಸುತ್ತಿದ್ದಾನೆ. ತಾಯಿ ಅನ್ನಳಂತೂ ದಿನವೂ ಮಗ ಹೋದ ದಾರಿಯನ್ನೇ ನೋಡುತ್ತ ಕುಳಿತುಕೊಳ್ಳುತ್ತಾಳೆ, ಊಟ ಸೇರುವುದಿಲ್ಲ. ಅತ್ತ ಮಾವನ ಮನೆಯಲ್ಲಿ ಇನ್ನೂ ಕೆಲವು ದಿನ ಇರು ಎಂದು ಒತ್ತಾಯಿಸಿದಾಗ ತೊಬಿಯಾಸ ಇಲ್ಲ ಎನ್ನುತ್ತಾನೆ. ತಂದೆತಾಯಿ ದಿನ ಎಣಿಸುತ್ತಿರುತ್ತಾರೆ ಎಂಬುದು ಅವನಿಗೆ ಗೊತ್ತು. ಪ್ರವಾಸ ಹೋದ ಮಕ್ಕಳ ಬಗ್ಗೆ ಇಷ್ಟು ಚೆನ್ನಾಗಿ ಬರೆದ ಗ್ರಂಥ ಬೇರೊಂದು ನಾನು ನೋಡಿಲ್ಲ.

ಅಮ್ಮನನ್ನು ಕರೆದುಕೊಂಡೇ ಹೋಗಬೇಕೆಂದು ನಾನು ಹೇಳುವುದಿಲ್ಲ. ಎಂಬತ್ತರ ಮೊಣಕಾಲಿಗೆ ವಿಮಾನ ನಿಲ್ದಾಣದ ನಡಿಗೆ ಶಿಕ್ಷೆ. ಆದರೆ ಆ ವಾರ ರಾತ್ರಿ ಅವರೊಂದಿಗೆ ಮಲಗುವವರು ಯಾರು, ಬಿ.ಪಿ. ಮಾತ್ರೆ ತೆಗೆದುಕೊಡುವವರು ಯಾರು, ಭಾನುವಾರ ಇಗರ್ಜಿಗೆ ರಿಕ್ಷಾ ಮಾಡುವವರು ಯಾರು, ಇವೆಲ್ಲ ಹೋಟೆಲ್ ಬುಕ್ ಮಾಡುವ ಮುಂಚೆಯೇ ತೀರ್ಮಾನವಾಗಬೇಕು. ಮುಂಬೈಯಲ್ಲಿರುವ ತಂಗಿ ಆ ವಾರ ಬರಬಹುದೇ? ವಾರ್ಡಿನ ಗುರ್ಕಾರರಿಗೆ ಒಂದು ಮಾತು ಹೇಳಿದ್ದೀರಾ? ನೆರೆಮನೆಯವರ ಬಳಿ ಒಂದು ಬೀಗದ ಕೈ ಉಂಟಾ?

ಇಷ್ಟು ನಮ್ಮ ಮನೆಯ ಮಾತಾಯಿತು. ಕಟ್ಟಳೆ ಪರದೇಶಿಯ ಹೆಸರನ್ನೂ ಹೇಳುತ್ತದೆ. ಪಟ್ಟಾಯದಲ್ಲಿ ನಮಗೆ ಸೇವೆ ಮಾಡುವವರು ನಮಗೆ ಪರದೇಶಿಗಳು, ಅವರಿಗೆ ನಾವು. ಅವರ ಕತೆ ತಿಳಿಯದೆ ಹೋಗಬಾರದು.

ಬ್ಯಾಂಕಾಕಿನಿಂದ ಆಗ್ನೇಯಕ್ಕೆ ಸುಮಾರು 150 ಕಿಲೋಮೀಟರ್ ದೂರದ ಪಟ್ಟಾಯ ಹಿಂದೆ ಬಲೆ ಒಣಗಿಸುವ ಊರು, ನಮ್ಮ ಮಲ್ಪೆ, ಕಾಪು, ಪಡುಬಿದ್ರಿಗಳ ಹಾಗೆ. 1959ರಲ್ಲಿ ಅಮೆರಿಕದ ಸೈನಿಕರ ತಂಡವೊಂದು ಅಲ್ಲಿಗೆ ರಜೆ ಕಳೆಯಲು ಬಂತು. ಮುಂದೆ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹತ್ತಿರದ ಉ-ತಪಾವೊ ವಿಮಾನನೆಲೆಯಿಂದ ಬಾಂಬು ಹೊತ್ತ ವಿಮಾನಗಳು ಹಾರತೊಡಗಿದವು. ಯುದ್ಧದಲ್ಲಿ ದಣಿದ ಹುಡುಗರನ್ನು ಒಂದು ವಾರದ ಮಟ್ಟಿಗೆ ದಣಿವಾರಿಸಿಕೊಳ್ಳಲು ಕಳಿಸುತ್ತಿದ್ದರು. ಸೈನ್ಯದ ಕಾಗದಪತ್ರಗಳಲ್ಲಿ ಅದಕ್ಕೆ ಹೆಸರು ವಿಶ್ರಾಂತಿ ಮತ್ತು ಮನರಂಜನೆ. ಹುಡುಗರಿಗೆ ವಿಶ್ರಾಂತಿ ಕೊಡಲು ಬಾರುಗಳು ಎದ್ದವು. ಬಾರುಗಳಿಗೆ ಹೆಣ್ಣುಮಕ್ಕಳು ಬೇಕಾದರು. ಈಶಾನ್ಯ ಥಾಯ್ಲೆಂಡಿನ ಬಡ ಬೇಸಾಯದ ಊರುಗಳಿಂದ, ಮಳೆ ಕೈಕೊಟ್ಟ ಗದ್ದೆಗಳ ಮನೆಗಳಿಂದ, ಸಾಲ ತೀರಿಸಲು, ತಮ್ಮಂದಿರನ್ನು ಓದಿಸಲು ಅವರು ಬಂದರು. 1976ರ ಹೊತ್ತಿಗೆ ಸೈನ್ಯ ಹೊರಟುಹೋಯಿತು. ಬಾರುಗಳು ಉಳಿದವು, ಸೈನಿಕರ ಜಾಗಕ್ಕೆ ಪ್ರವಾಸಿಗರು ಬಂದರು. 1996ರ ಕಾನೂನು ಈ ದಂಧೆಯನ್ನು ನಿಷೇಧಿಸಿದ್ದರೂ ಬೀದಿಯಲ್ಲಿ ಅದು ಎಲ್ಲರ ಕಣ್ಣೆದುರೇ ನಡೆದುಕೊಂಡು ಬಂದಿದೆ.

ಒಂದು ಕ್ಷಣ ಯೋಚಿಸಿ. ಆ ವಿಮಾನನೆಲೆ ಥಾಯ್ಲೆಂಡಿನ ಬದಲು ನಮ್ಮ ಕರಾವಳಿಯಲ್ಲಿ ಇದ್ದಿದ್ದರೆ? ಸೈನಿಕರು ಕಾಪುವಿನ ದೀಪಸ್ತಂಭದ ಕೆಳಗೆ ಬಂದು ಇಳಿದಿದ್ದರೆ? ನಮ್ಮ ಊರಿನ ಹೆಸರು ಹೇಳಿದರೆ ಲೋಕವೆಲ್ಲ ಇಂದು ಕಣ್ಣು ಮಿಟುಕಿಸಿ ನಗುತ್ತಿತ್ತು. ಬಡತನ ನಮ್ಮಲ್ಲಿ ಕಡಿಮೆ ಏನೂ ಇರಲಿಲ್ಲ. ನಮ್ಮ ಹುಡುಗರೂ ಎಳೆಯ ಪ್ರಾಯದಲ್ಲಿ ಮುಂಬೈಯ ಹೋಟೆಲುಗಳಲ್ಲಿ ಬೇರೆಯವರ ಎಂಜಲು ತಟ್ಟೆ ಎತ್ತಿದ್ದಾರೆ. ನಮ್ಮ ಹೆಂಗಸರು ಗಲ್ಫಿನ ಮನೆಗಳಲ್ಲಿ ಪಾಸ್‌ಪೋರ್ಟನ್ನು ಧಣಿಯ ಕೈಗೆ ಕೊಟ್ಟು ದುಡಿದಿದ್ದಾರೆ. ಈಜಿಪ್ಟಿನ ನೆನಪು ಎಂದರೆ ನಮಗೆ ಇದೇ. ಇಷ್ಟೆಲ್ಲ ಕಂಡ ಮನೆಯಿಂದ ಬಂದವನು ಪಟ್ಟಾಯದಲ್ಲಿ ತಟ್ಟೆ ಎತ್ತುವ ಹುಡುಗನಿಗೆ ಚಿಟಿಕೆ ಹೊಡೆದು ಕರೆಯಬಹುದೇ?

ದಿವಂಗತ ಪೋಪ್ ಫ್ರಾನ್ಸಿಸರು 2019ರ ನವೆಂಬರ್ 21ರಂದು ಬ್ಯಾಂಕಾಕಿನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಬಲಿಪೂಜೆ ಅರ್ಪಿಸಿದಾಗ ವೇಶ್ಯಾವೃತ್ತಿಗೂ ಮಾನವ ಸಾಗಾಟಕ್ಕೂ ಬಲಿಯಾದ ಮಕ್ಕಳನ್ನು, ಹೆಂಗಸರನ್ನು ನೆನೆದು, ಅವರು ನಮ್ಮದೇ ಕುಟುಂಬದವರು ಎಂಬ ಅರ್ಥದಲ್ಲಿ ಬೋಧಿಸಿದರು. ಕುಟುಂಬ ಎಂಬ ಮಾತು ಬಂದಲ್ಲಿ ಇನ್ನೊಂದು ವಿಷಯವನ್ನು ಹೇಳದೆ ನಿರ್ವಾಹವಿಲ್ಲ.

ಪಟ್ಟಾಯಕ್ಕೆ ಹೋಗುವ ಎಲ್ಲರೂ ಕುಟುಂಬ ಕಟ್ಟಿಕೊಂಡು ಹೋಗುವುದಿಲ್ಲ. ಇಷ್ಟು ಮಾಲು ಮಾರಿದರೆ ಇಂಥ ಕಡೆಗೆ ಉಚಿತ ಪ್ರವಾಸ ಎಂದು ಕಂಪೆನಿಗಳು ಡೀಲರುಗಳಿಗೆ ಆಸೆ ತೋರಿಸುವುದುಂಟು. ಸ್ನೇಹಿತರ ಗುಂಪು, ಕ್ರಿಕೆಟ್ ತಂಡ, ಚೀಟಿ ಫಂಡಿನವರು, ಹೀಗೆ ಬರೀ ಗಂಡಸರ ಟೂರುಗಳೂ ಹೊರಡುತ್ತವೆ. ಹೋದವರೆಲ್ಲ ದಾರಿ ತಪ್ಪಿದರು ಎಂದು ಹೇಳಿದರೆ ಅನ್ಯಾಯವಾದೀತು. ಸಮುದ್ರ ನೋಡಿ, ಸೀಗಡಿ ತಿಂದು, ಮಕ್ಕಳಿಗೆ ಚಾಕಲೇಟು ಹಿಡಿದು ಬಂದವರು ಬಹಳ ಮಂದಿ. ಆದರೆ ಮನೆಯಲ್ಲಿ "ಬ್ಯಾಂಕಾಕಿನಲ್ಲಿ ಮೀಟಿಂಗು" ಎಂದು ಹೇಳಿ, ಪಟ್ಟಾಯದ ಹೆಸರನ್ನು ಮುಚ್ಚಿಟ್ಟು ಹೊರಡುವ ಪ್ರವಾಸದ ಬಗ್ಗೆ ಏನು ಹೇಳೋಣ? ಮದುವೆಯ ದಿನ ಪೀಠದ ಮುಂದೆ ಕೈ ಹಿಡಿದು ಕೊಟ್ಟ ಮಾತಿಗೆ ವಿಮಾನ ನಿಲ್ದಾಣದಲ್ಲಿ ಸೀಲು ಬಿದ್ದ ಕೂಡಲೇ ರಜೆ ಸಿಗುತ್ತದೆಯೇ? ಅಲ್ಲಿ ಹಣ ತೆತ್ತು ಕರೆದ ಹೆಣ್ಣು ಯಾರದೋ ಮನೆಯ ಹಿರಿಮಗಳು. ಅಲ್ಲಿಂದ ತಂದ ಕಾಯಿಲೆ ಏನೂ ಅರಿಯದ ಹೆಂಡತಿಯ ಮೈಗೆ ದಾಟುತ್ತದೆ. ಈ ಪಾಪದ ನೋವು ಇಬ್ಬರು ಹೆಂಗಸರ ಮೇಲೆ ಬೀಳುತ್ತದೆ, ಒಬ್ಬಳು ಅಲ್ಲಿ, ಒಬ್ಬಳು ಇಲ್ಲಿ. ಇಂಥದ್ದು ನಡೆದುಹೋದ ಮನೆಗಳಿದ್ದರೆ ವೈದ್ಯರ ತಪಾಸಣೆಗೂ ಪಾಪನಿವೇದನೆಗೂ ತಡಮಾಡಬೇಡಿ. ಎರಡೂ ಕಡೆ ಗುಟ್ಟು ಕಾಯುತ್ತಾರೆ. ಗುಂಪಿನಲ್ಲಿ ಹೋಗಬೇಕಾಗಿ ಬಂದ ಯುವಕರಿಗೆ ಒಂದು ಸಣ್ಣ ಉಪಾಯ ಹೇಳುತ್ತೇನೆ. ರಾತ್ರಿ ಕೋಣೆಗೆ ಬೇಗ ಬರುವ ಒಬ್ಬ ಜೊತೆಗಾರನನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಬೇಡ ಎನ್ನಲು ಒಬ್ಬನಿಗೆ ಕಷ್ಟ, ಇಬ್ಬರಿದ್ದರೆ ಸುಲಭ.

ಹಾಗಾದರೆ ಆ ಊರಿನಲ್ಲಿ ನೋಡತಕ್ಕದ್ದು ಏನಿದೆ ಎಂದು ಕೇಳುತ್ತೀರಿ. ಬೇಕಾದಷ್ಟಿದೆ. ದೋಣಿಯಲ್ಲಿ ಹೋಗಬಹುದಾದ ಕೋ ಲಾನ್ ದ್ವೀಪವಿದೆ. 1981ರಲ್ಲಿ ಕೆತ್ತಲು ತೊಡಗಿ ಇನ್ನೂ ಕೆಲಸ ನಡೆಯುತ್ತಲೇ ಇರುವ ಮರದ ಸತ್ಯಮಂದಿರವಿದೆ. ಕಾರ್ಕಳದ ಶಿಲ್ಪಿಗಳ ನಾಡಿನವರಿಗೆ ಅದರ ಕೆತ್ತನೆಯ ಮುಂದೆ ನಿಂತು ಮಾತಾಡಲು ತುಂಬ ಇದೆ. ನೊಂಗ್ ನೂಚ್ ಎಂಬ ದೊಡ್ಡ ಹೂತೋಟವಿದೆ. ಇವುಗಳ ಜೊತೆಗೆ ನಿಮ್ಮ ಪಟ್ಟಿಯಲ್ಲಿ ಇನ್ನೊಂದನ್ನು ಸೇರಿಸಿಕೊಳ್ಳಿ. ಶನಿವಾರ ಹೊರಟು ಮುಂದಿನ ಶನಿವಾರ ಮರಳುವ ಪ್ರವಾಸದಲ್ಲಿ ಒಂದು ಭಾನುವಾರ ಬರುತ್ತದೆ. ಕ್ರೈಸ್ತರು ಜನಸಂಖ್ಯೆಯ ನೂರಕ್ಕೆ ಒಬ್ಬರ ಲೆಕ್ಕದಲ್ಲಿರುವ ಆ ಬೌದ್ಧ ದೇಶದಲ್ಲೂ ಪಟ್ಟಾಯದ ಸುಖುಂವಿತ್ ರಸ್ತೆಯಲ್ಲಿ ಸಂತ ನಿಕೊಲಾಸರ ಇಗರ್ಜಿ ಇದೆ. ಪೂಜೆಯ ಸಮಯವನ್ನು ಹೊರಡುವ ಮುಂಚೆಯೇ ವಿಚಾರಿಸಿ ಬರೆದುಕೊಳ್ಳಿ. ಧರ್ಮಸಭೆಯ ನಿಯಮದಂತೆ ಶನಿವಾರ ಸಂಜೆಯ ಬಲಿಪೂಜೆಯೂ ಭಾನುವಾರಕ್ಕೆ ಸಲ್ಲುತ್ತದೆ. ಭಾಷೆ ಅರ್ಥವಾಗದಿದ್ದರೂ ಪೂಜೆಯ ಯಾವ ಭಾಗ ನಡೆಯುತ್ತಿದೆ ಎಂಬುದು ನಿಮ್ಮ ಮಕ್ಕಳಿಗೆ ತಿಳಿಯುತ್ತದೆ. ಅಷ್ಟು ದೂರದ ಊರಲ್ಲಿ ನಮ್ಮದೇ ಮನೆ ಇದೆ ಎಂದು ಅವರಿಗೆ ಅನಿಸುವುದು ಆಗ.

ರೆಡೆಂಪ್ಟರಿಸ್ಟ್ ಸಭೆಯ ಅಮೆರಿಕನ್ ಗುರು ರೇಮಂಡ್ ಬ್ರೆನನ್ ಎಂಬವರು ಈ ಊರಿನಲ್ಲಿ ಸೇವೆಯಲ್ಲಿದ್ದರು. 1970ರ ದಶಕದಲ್ಲಿ ಒಬ್ಬ ಹೆಂಗಸು ತನಗೆ ಸಾಕಲಾಗದ ಹಸುಗೂಸನ್ನು ಅವರ ಕೈಗೆ ಕೊಟ್ಟುಹೋದಳು. ಅವರು ಆ ಕೂಸನ್ನು ಇಟ್ಟುಕೊಂಡರು. ಆಮೇಲೆ ಇನ್ನೊಂದು, ಮತ್ತೊಂದು. ಹೀಗೆ ಅನಾಥಾಲಯವಾಯಿತು, ಕಿವಿ ಕೇಳದ ಮಕ್ಕಳಿಗೆ, ಕಣ್ಣು ಕಾಣದ ಮಕ್ಕಳಿಗೆ ಶಾಲೆಗಳಾದವು, ಅಂಗವಿಕಲರಿಗೆ ಕಸುಬು ಕಲಿಸುವ ಶಾಲೆಯಾಯಿತು. ಫಾದರ್ ರೇ 2003ರಲ್ಲಿ ತೀರಿಕೊಂಡರು, ಅವರ ಹೆಸರಿನ ಸಂಸ್ಥೆ ಮಕ್ಕಳನ್ನು ನೋಡಿಕೊಳ್ಳುತ್ತಿದೆ. ಗುಡ್ ಶೆಫರ್ಡ್ ಸಭೆಯ ಭಗಿನಿಯರು ಬಾರುಗಳನ್ನು ಬಿಟ್ಟು ಬರಬಯಸುವ ಹೆಂಗಸರಿಗೆ ಹೊಲಿಗೆ, ಕಂಪ್ಯೂಟರ್, ಭಾಷೆ ಕಲಿಸುತ್ತಾರೆ. ಅಲ್ಲಿಗೆ ಹೋಗುವ ನಮ್ಮವರು ದ್ವೀಪದ ದೋಣಿಗೆ ತೆತ್ತಷ್ಟು ಹಣವನ್ನಾದರೂ ಈ ಮಕ್ಕಳ ಹೆಸರಿನಲ್ಲಿ ಎತ್ತಿಡಬಹುದು. ಅನಾಥಾಲಯಕ್ಕೆ ನುಗ್ಗಿ ಮಕ್ಕಳ ಜೊತೆ ಫೋಟೋ ಹೊಡೆಸಿಕೊಳ್ಳುವುದು ಮಾತ್ರ ಬೇಡ. ಅವರು ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿಲ್ಲ.

ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮ್ಮನ ಕರಿಮಣಿಯನ್ನು ಸೊಸೈಟಿಯಲ್ಲಿ ಅಡವಿಟ್ಟು ಹೋಗುವ ಪ್ರವಾಸದಿಂದ ಯಾರಿಗೂ ದಣಿವಾರಿಲ್ಲ. ಈ ವರ್ಷ ಕೂಡದಿದ್ದರೆ ಮುಂದಿನ ವರ್ಷ ಹೋದರಾಯಿತು.

ಕೊನೆಗೆ ಗಡಿಯಾರದ ವಿಷಯ. ಪಟ್ಟಾಯದ ಸಮಯ ನಮ್ಮದಕ್ಕಿಂತ ಒಂದೂವರೆ ತಾಸು ಮುಂದೆ. ಕಾರ್ಕಳದ ಮನೆಯಲ್ಲಿ ಸಂಜೆ ಏಳೂವರೆಗೆ ಅಮ್ಮ ತೇರ್ಸ್ ಹೇಳಲು ಕೂರುವಾಗ ಅಲ್ಲಿ ರಾತ್ರಿ ಒಂಬತ್ತು. ಮಕ್ಕಳು ಊಟ ಮುಗಿಸಿ ಕೋಣೆಗೆ ಬಂದಿರುತ್ತಾರೆ. ಹೋಟೆಲಿನಲ್ಲಿ ಇಂಟರ್ನೆಟ್ ಇರುತ್ತದೆ, ಫೋನಿಗೆ ಖರ್ಚಿಲ್ಲ. ಒಂದು ರಹಸ್ಯವನ್ನು ಅಮ್ಮ ಹೇಳಲಿ, ಒಂದನ್ನು ಮಕ್ಕಳು ಹೇಳಲಿ. ಅಮ್ಮನಿಗೆ ವಿಡಿಯೋ ಒತ್ತುವುದು ಹೇಗೆಂದು ಹೊರಡುವ ಮುಂಚೆ ಎರಡು ಮೂರು ಸಲ ತೋರಿಸಿಕೊಡಿ. ಕನ್ನಡಕ ಎಲ್ಲಿಟ್ಟಿದ್ದಾರೆಂದು ನೆರೆಮನೆಯವರಿಗೂ ಹೇಳಿಡಿ.